ಕರ್ತೃ ಇಲ್ಲದ ವಾಕ್ಯ

ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು ಕರ್ತರಿ, ಕರ್ಮಣಿ ಪ್ರಯೋಗ ಹೇಳಿಕೊಡುವಾಗ ನಾನು ಕಿಟಕಿಯಾಚೆ ನೋಡುತ್ತಿದ್ದೆ. 'ಹುಡುಗನು ಗಾಜನ್ನು ಒಡೆದನು' ಅಂದರೆ ಕರ್ತರಿ. 'ಹುಡುಗನಿಂದ ಗಾಜು ಒಡೆಯಲ್ಪಟ್ಟಿತು' ಅಂದರೆ ಕರ್ಮಣಿ. ಎರಡರಲ್ಲೂ ಒದೆ ತಿನ್ನುವುದು ಹುಡುಗನೇ ಅಲ್ವಾ, ಇದನ್ನು ಯಾಕೆ ಕಲಿಯಬೇಕು ಅನಿಸುತ್ತಿತ್ತು. ವಿಶ್ವಸಂಸ್ಥೆಯ ಹವಾಮಾನ ಸಮ್ಮೇಳನಗಳ ನಿರ್ಣಯ ಓದಿದ ಮೇಲೆ ಗೊತ್ತಾಯಿತು, ಮೂರನೆಯ ಪ್ರಯೋಗವೂ ಒಂದಿದೆ. 'ಗಾಜು ಒಡೆದಿರುವುದನ್ನು ಗಮನಿಸಲಾಗಿದೆ.' ಇದರಲ್ಲಿ ಹುಡುಗನೇ ಇರುವುದಿಲ್ಲ.

1995ರಲ್ಲಿ ಬರ್ಲಿನ್‌ನಲ್ಲಿ ಶುರುವಾದ ಈ ಜಾತ್ರೆ, ಕೊರೋನಾದ 2020 ಒಂದನ್ನು ಬಿಟ್ಟರೆ ಪ್ರತಿ ವರ್ಷ ತಪ್ಪದೆ ನಡೆದಿದೆ. ಸುಮಾರು 200 ದೇಶಗಳು ಎರಡು ವಾರ ಕೂರುತ್ತವೆ. ಕೊನೆಯ ರಾತ್ರಿಗಳಲ್ಲಿ ಯಾರೂ ಸರಿಯಾಗಿ ಮಲಗುವುದಿಲ್ಲ. ಇಂಗಾಲದ ಬಗ್ಗೆ ಜಗಳ ಅಂದುಕೊಳ್ಳಬೇಡಿ. ಜಗಳ ಕ್ರಿಯಾಪದದ ಬಗ್ಗೆ.

2018ರದ್ದು ನನಗೆ ಬಹಳ ಇಷ್ಟ. ಪೋಲೆಂಡಿನ ಕಾಟೊವಿತ್ಸೆ, ಕಲ್ಲಿದ್ದಲಿಗೇ ಹೆಸರಾದ ಊರು. ಭೂಮಿ 1.5 ಡಿಗ್ರಿ ಬಿಸಿಯಾದರೆ ಏನಾಗುತ್ತದೆ ಅಂತ ವಿಜ್ಞಾನಿಗಳು ವರದಿ ಬರೆದಿದ್ದರು. ಬರೆದುಕೊಡಿ ಅಂತ ಮೂರು ವರ್ಷ ಮೊದಲು ಕೇಳಿದ್ದೂ ಇದೇ ಸಮ್ಮೇಳನ. ವರದಿಯನ್ನು 'ಸ್ವಾಗತಿಸುತ್ತೇವೆ' ಅಂತ ಬರೆಯೋಣ ಅಂದರು. ಅಮೆರಿಕ, ರಷ್ಯಾ, ಸೌದಿ ಅರೇಬಿಯಾ, ಕುವೈತ್ ಅಡ್ಡ ನಿಂತವು. ನಾಲ್ವರೂ ತೈಲದ ಮನೆಯವರು. ಬೇಕಾದರೆ 'ಗಮನಿಸಿದ್ದೇವೆ' ಅಂತ ಬರೆಯಿರಿ ಅಂದವು. ಜಗ್ಗಾಡಿ ಜಗ್ಗಾಡಿ, ಕೊನೆಗೆ ವರದಿ ಸಕಾಲಕ್ಕೆ ಮುಗಿದದ್ದನ್ನು ಸ್ವಾಗತಿಸಲಾಯಿತು. ಲ್ಯಾಬಿನಿಂದ ರಕ್ತದ ರಿಪೋರ್ಟ್ ಬಂದಿದೆ. ಸಕ್ಕರೆ ಎಷ್ಟಿದೆ ಅಂತ ನೋಡದೆ, 'ಪರವಾಗಿಲ್ಲ, ಹೇಳಿದ ಟೈಮಿಗೇ ಕೊಟ್ಟರು' ಅಂತ ಮೈಸೂರುಪಾಕಿಗೆ ಕೈ ಹಾಕಿದ ಹಾಗೆ.

ಓಟಿಗೆ ಹಾಕಿ ಮುಗಿಸಬಾರದಾ ಅಂತ ನೀವು ಕೇಳಬಹುದು. ಓಟು ಹೇಗೆ ಹಾಕಬೇಕು ಅನ್ನುವ ನಿಯಮ ಒಂದಿದೆ, 42ನೆಯದು. ಅದು ಮೊದಲ ಸಮ್ಮೇಳನದಿಂದಲೂ ಚೌಕ ಕಂಸದೊಳಗೇ ಕೂತಿದೆ. ಕಂಸದಲ್ಲಿದೆ ಅಂದರೆ ಇನ್ನೂ ಒಪ್ಪಿಗೆಯಾಗಿಲ್ಲ ಅಂತ ಅರ್ಥ. ಹಾಗಾಗಿ ಎಲ್ಲವೂ ಒಮ್ಮತದಿಂದಲೇ ಆಗಬೇಕು. ಓಟಿನ ನಿಯಮವನ್ನೇ ಓಟಿಗೆ ಹಾಕೋಣ ಅಂದರೆ, ಓಟಿನ ನಿಯಮ ಇಲ್ಲ. ಈ ಕಂಸನನ್ನು ಕೊಲ್ಲುವ ಕೃಷ್ಣ ಇನ್ನೂ ಹುಟ್ಟಿಲ್ಲ.

ಇದೇ ಸಮ್ಮೇಳನದಲ್ಲಿ ಆದ ಪ್ಯಾರಿಸ್ ಒಪ್ಪಂದ ದೊಡ್ಡ ಗೆಲುವು ಅಂತಾರೆ. ಅದನ್ನು ಹಿಂದೆ ಮುಂದೆ ಓದಿ, ಕಲ್ಲಿದ್ದಲು, ತೈಲದ ಹೆಸರೇ ಇಲ್ಲ. 2015ರ ಡಿಸೆಂಬರ್ 12, ಕೊನೆಯ ದಿನ. ಶ್ರೀಮಂತ ದೇಶಗಳು ಹೊಗೆ ಇಳಿಸುವುದರಲ್ಲಿ ಮುಂದೆ 'ನಿಲ್ಲತಕ್ಕದ್ದು' ಅಂತ ಕರಡಿನಲ್ಲಿತ್ತು. ಕೋರ್ಟು ಕಾಗದ ನೋಡಿದವರಿಗೆ 'ತಕ್ಕದ್ದು' ಎಷ್ಟು ಭಾರ ಅಂತ ಗೊತ್ತು. ಅಮೆರಿಕ ಬೆಚ್ಚಿತು. ಆ ಪದ ಇದ್ದರೆ ಒಪ್ಪಂದ ಅವರ ಸೆನೆಟ್‌ಗೆ ಹೋಗಬೇಕು, ಹೋದರೆ ಅಲ್ಲೇ ಮಣ್ಣು. ಸಭೆ ತಡವಾಯಿತು. ಆಮೇಲೆ ಅಧಿಕಾರಿಯೊಬ್ಬರು ಸಣ್ಣಪುಟ್ಟ ಅಕ್ಷರದೋಷ ತಿದ್ದುವ ದನಿಯಲ್ಲೇ ಇದನ್ನೂ ಓದಿಬಿಟ್ಟರು. 'ನಿಲ್ಲತಕ್ಕದ್ದು' ಹೋಗಿ 'ನಿಂತರೆ ಒಳ್ಳೆಯದು' ಆಯಿತು. ಇಷ್ಟು ಉಪಚಾರ ಮಾಡಿಸಿಕೊಂಡೂ ಅಮೆರಿಕ 2020ರಲ್ಲಿ ಹೊರಗೆ, 2021ರಲ್ಲಿ ಒಳಗೆ, 2025ರಲ್ಲಿ ಮತ್ತೆ ಹೊರಡುತ್ತೇನೆ ಅಂತ ಚೀಟಿ.

ನಮ್ಮವರನ್ನು ಬಿಟ್ಟರೆ ಪಕ್ಷಪಾತವಾಗುತ್ತದೆ. 2021, ಗ್ಲಾಸ್ಗೋ. ಕಲ್ಲಿದ್ದಲನ್ನು ಹಂತಹಂತವಾಗಿ 'ಬಿಡುವುದು' ಅಂತ ಇದ್ದದ್ದನ್ನು ಕೊನೇ ಗಳಿಗೆಯಲ್ಲಿ 'ಕಡಿಮೆ ಮಾಡುವುದು' ಅಂತ ತಿದ್ದಿಸಿದ್ದು ಭಾರತ, ಜೊತೆಗೆ ಚೀನಾ. ಸಮ್ಮೇಳನದ ಅಧ್ಯಕ್ಷ, ಬ್ರಿಟನ್ನಿನ ಅಲೋಕ್ ಶರ್ಮಾ ಕ್ಷಮೆ ಕೇಳುತ್ತಾ ಗದ್ಗದಿತರಾದರು. ಈ ವಿದ್ಯೆಯನ್ನು ನಮ್ಮ ಸೋದರಮಾವ ಎಷ್ಟೋ ಮೊದಲೇ ಕಂಡುಹಿಡಿದಿದ್ದ. 'ಬೀಡಿ ಬಿಡ್ತೀನಿ ಅಂತ ಯಾವಾಗ ಅಂದೆ? ಕಡಿಮೆ ಮಾಡ್ತೀನಿ ಅಂದಿದ್ದೆ.' ಎಷ್ಟಕ್ಕೆ ಅಂತ ಅತ್ತೆ ಕೇಳುವಷ್ಟರಲ್ಲಿ ಜಗುಲಿಯಿಂದ ಕಡ್ಡಿ ಗೀರಿದ ಸದ್ದು.

ನಮ್ಮ ವಾದದಲ್ಲಿ ನ್ಯಾಯ ಇರಲಿಲ್ಲ ಅಂತಲ್ಲ. ಉಂಡು ಕೈ ತೊಳೆದವರು, ಈಗ ತಾನೇ ಎಲೆ ಮುಂದೆ ಕೂತವರಿಗೆ ಉಪವಾಸದ ಮಹಿಮೆ ಹೇಳಿದರೆ ಸಿಟ್ಟು ಬರುತ್ತದೆ. ಅವರ ತೈಲ, ಅನಿಲದ ಸುದ್ದಿ ಇಲ್ಲ, ನಮ್ಮ ಕಲ್ಲಿದ್ದಲು ಮಾತ್ರ ಕಣ್ಣಿಗೆ ಬಿತ್ತು. ಅದೇ ಸಮ್ಮೇಳನಕ್ಕೆ ಟುವಾಲು ದ್ವೀಪದ ಮಂತ್ರಿ ಸೈಮನ್ ಕೋಫೆ ವೀಡಿಯೊ ಭಾಷಣ ಕಳಿಸಿದ್ದರು. ಸೂಟು ಹಾಕಿಕೊಂಡು, ಮೊಣಕಾಲುದ್ದ ಸಮುದ್ರದಲ್ಲಿ ನಿಂತು. ವಾಕ್ಯದಲ್ಲಿ ಕರ್ತೃ ನಾಪತ್ತೆಯಾದರೆ ಕರ್ಮ ಯಾರ ಪಾಲಿಗೆ ಬರುತ್ತದೆ ಅನ್ನುವುದಕ್ಕೆ ಇಂಥ ಉದಾಹರಣೆ ನಮ್ಮ ಮೇಷ್ಟ್ರಿಗೂ ಸಿಕ್ಕಿರಲಿಕ್ಕಿಲ್ಲ.

2023ರಲ್ಲಿ ದುಬೈ. ಅಧ್ಯಕ್ಷತೆ ಸುಲ್ತಾನ್ ಅಲ್ ಜಾಬರ್ ಅವರದು, ಪಕ್ಕದ ಅಬುಧಾಬಿಯ ರಾಷ್ಟ್ರೀಯ ತೈಲ ಕಂಪನಿಯ ಮುಖ್ಯಸ್ಥರು. ಅಲ್ಲಿ ಹೊಸ ಕ್ರಿಯಾಪದ ಹುಟ್ಟಿತು. ಪಳೆಯುಳಿಕೆ ಇಂಧನದಿಂದ 'ಆಚೆ ಸರಿಯುವುದು'. ಮಾವನೂ ಸರಿದಿದ್ದ. ಜಗುಲಿಯಿಂದ ಹಿತ್ತಲಿಗೆ, ಬೀಡಿ ಸಮೇತ.

ದುಡ್ಡಿನ ವಿಷಯ ಬೇಗ ಮುಗಿಸುತ್ತೇನೆ, ಅಲ್ಲಿ ಜಾಸ್ತಿ ಏನೂ ಇಲ್ಲ. 2020ರ ಹೊತ್ತಿಗೆ ಬಡ ದೇಶಗಳಿಗೆ ವರ್ಷಕ್ಕೆ 10,000 ಕೋಟಿ ಡಾಲರ್ ಅಂತ ಶ್ರೀಮಂತ ದೇಶಗಳು 2009ರಲ್ಲಿ ಮಾತು ಕೊಟ್ಟವು. ಕೊಟ್ಟವರ ಲೆಕ್ಕದಲ್ಲೇ ಅದು ಮುಟ್ಟಿದ್ದು 2022ರಲ್ಲಿ. 2024ರಲ್ಲಿ ಅಜರ್‌ಬೈಜಾನಿನ ಬಾಕುವಿನಲ್ಲಿ ಬಡ ದೇಶಗಳು 1.3 ಲಕ್ಷ ಕೋಟಿ ಡಾಲರ್ ಕೇಳಿದವು. 30,000 ಕೋಟಿ ಕೊಡುತ್ತೇವೆ ಅಂದರು, ಅದೂ 2035ರ ಹೊತ್ತಿಗೆ.

ಭೂಮಿಯ ಮಾತು ಹಾಗಿರಲಿ, 2026ರ ಸಭೆ ಎಲ್ಲಿ ಅನ್ನುವುದಕ್ಕೇ ಒಮ್ಮತ ಬರಲಿಲ್ಲ. ಟರ್ಕಿ ನಮ್ಮಲ್ಲಿ ಅಂದಿತು, ಆಸ್ಟ್ರೇಲಿಯಾ ನಮ್ಮಲ್ಲಿ ಅಂದಿತು. ರಾಜಿ ಆದದ್ದು ಹೀಗೆ: ಛತ್ರ ಟರ್ಕಿಯ ಅಂಟಾಲ್ಯದಲ್ಲಿ, ಪೌರೋಹಿತ್ಯ ಆಸ್ಟ್ರೇಲಿಯಾದ್ದು. ಮದುವೆ ಯಾರದು ಅಂತ ಕೇಳಬೇಡಿ.

ಈ ರಾಜಿ ಆಗಿದ್ದು 2025ರ ನವೆಂಬರ್‌ನಲ್ಲಿ, ಬ್ರೆಜಿಲ್‌ನ ಬೆಲೆಮ್‌ನಲ್ಲಿ. ಅಮೆಜಾನ್ ಕಾಡಿನ ಹೊಸ್ತಿಲಿನ ಊರು. 20ನೆಯ ತಾರೀಖು ಸಭೆಯ ಆವರಣದಲ್ಲೇ ಬೆಂಕಿ ಬಿತ್ತು. ಸಾವಿರಾರು ಜನ ಹೊರಗೆ ಓಡಿದರು. ಓಡತಕ್ಕದ್ದೋ, ಓಡಿದರೆ ಒಳ್ಳೆಯದೋ ಅಂತ ಯಾರೂ ಚರ್ಚಿಸಲಿಲ್ಲ. ಬೆಂಕಿಯನ್ನು ಸ್ವಾಗತಿಸಬೇಕೋ, ಗಮನಿಸಿದರೆ ಸಾಕೋ ಅಂತ ಕೇಳಲಿಲ್ಲ. 'ಓಡಿ' ಅಂತ ಒಂದೇ ಕ್ರಿಯಾಪದ. ಕಂಸ ಇರಲಿಲ್ಲ. ಸೌದಿಯೂ ಒಪ್ಪಿತು.

ಬೆಂಕಿ ಆರಿತು. ಆ ರಾತ್ರಿಯೇ ಬಾಗಿಲು ತೆರೆದರು, ಎಲ್ಲರೂ ಒಳಗೆ ಹೋಗಿ ಕೂತರು. ಎರಡು ದಿನದ ಮೇಲೆ ಬಂದ ಮುಖ್ಯ ನಿರ್ಣಯದಲ್ಲಿ ಪಳೆಯುಳಿಕೆ ಇಂಧನ ಅನ್ನುವ ಪದವೇ ಇರಲಿಲ್ಲ. ದುಬೈನಲ್ಲಿ ಒಪ್ಪಿಕೊಂಡದ್ದನ್ನು ಸುಮ್ನೆ ನೆನೆದರು, ಅಷ್ಟೇ. ನಮ್ಮಜ್ಜಿ ತಾತನ ಹೆಸರು ಹೇಳದೆ 'ಅವರು' ಅನ್ನುತ್ತಿದ್ದ ಹಾಗೆ.