ಹುಡುಗಿಗೆ ಲೆಕ್ಕ ಹತ್ತಲ್ಲ ಅನ್ನುವ ಮೊದಲು

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದರೆ ಸಾಕು, ಬಳ್ಳಾರಿಯಲ್ಲಿ ಈ ಮಾತು ಶುರು. "ಮಗಳಿಗೆ ಆರ್ಟ್ಸ್ ಸಾಕು ಬಿಡಿ ಮೇಡಂ. ಹುಡುಗೀರಿಗೆ ಬಾಯಿ ಜೋರು, ಲೆಕ್ಕ ತಲೆಗೆ ಹತ್ತಲ್ಲ." ಮೊನ್ನೆ ಹೀಗಂದವರ ಮಗಳು ಗಣಿತದಲ್ಲಿ ಅಣ್ಣನಿಗಿಂತ ಜಾಸ್ತಿ ಅಂಕ ತೆಗೆದಿದ್ದಾಳೆ. ಅಣ್ಣ ಓದುತ್ತಿರೋದು ಸೈನ್ಸ್! ನನಗೆ ಹೊಟ್ಟೆ ಉರಿಯಿತು.

ಬಾಯಿ ಜೋರು ಅನ್ನೋದಕ್ಕಾದರೂ ಆಧಾರ ಇದೆಯಾ? 2007ರಲ್ಲಿ ಮನಶ್ಶಾಸ್ತ್ರಜ್ಞ ಮ್ಯಾಥಿಯಾಸ್ ಮೆಹ್ಲ್ ತಂಡ 396 ವಿದ್ಯಾರ್ಥಿಗಳ ದಿನದ ಮಾತನ್ನು ರೆಕಾರ್ಡ್ ಮಾಡಿ ಎಣಿಸಿತು. ಹುಡುಗರೂ ಹುಡುಗಿಯರೂ ದಿನಕ್ಕೆ ಸುಮಾರು 16,000 ಪದ ಆಡಿದ್ದರು. ಅದಕ್ಕೂ ಮೊದಲು, 1988ರಲ್ಲಿ, ಸಂಶೋಧಕಿಯರಾದ ಜಾನೆಟ್ ಹೈಡ್ ಮತ್ತು ಮಾರ್ಸಿಯಾ ಲಿನ್ 165 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ್ದರು. ಭಾಷಾ ಸಾಮರ್ಥ್ಯದಲ್ಲಿ ಹೆಣ್ಣುಮಕ್ಕಳು ಮುಂದಿದ್ದದ್ದು ಕೂದಲೆಳೆಯಷ್ಟು.

ವ್ಯತ್ಯಾಸವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಒಂದು ಆಕೃತಿಯನ್ನು ಮನಸ್ಸಿನಲ್ಲೇ ತಿರುಗಿಸಿ ನೋಡುವ ಪರೀಕ್ಷೆಯಲ್ಲಿ ಗಂಡಸರ ಸರಾಸರಿ ಜಾಸ್ತಿ. ಅದು ಮತ್ತೆ ಮತ್ತೆ ಕಂಡಿದೆ. ಆದರೆ ಸರಾಸರಿ ನೋಡಿ ಎದುರಿಗಿರುವ ಮಗುವಿನ ತಲೆ ಅಳೆಯೋಕೆ ಬರೋದಿಲ್ಲ.

ಈ ವ್ಯತ್ಯಾಸದಲ್ಲಿ ಬೆಳೆಸುವ ರೀತಿಯೂ ಸೇರಿದೆ. ಈಶಾನ್ಯ ಭಾರತದಲ್ಲಿ ಖಾಸಿ, ಕರ್ಬಿ ಅಂತ ಎರಡು ಸಮುದಾಯಗಳಿವೆ. ಖಾಸಿಗಳಲ್ಲಿ ಆಸ್ತಿ ಕಿರಿಮಗಳಿಗೆ, ಕರ್ಬಿಗಳಲ್ಲಿ ಗಂಡುಮಕ್ಕಳಿಗೆ. ಸಂಶೋಧಕರು ಇಬ್ಬರಿಗೂ ನಾಲ್ಕು ತುಂಡು ಜೋಡಿಸಿ ಚಿತ್ರ ಮಾಡುವ ಒಗಟು ಕೊಟ್ಟರು. ಕರ್ಬಿ ಗಂಡಸರು ತಮ್ಮ ಹೆಂಗಸರಿಗಿಂತ ಶೇ. 36ರಷ್ಟು ಬೇಗ ಮುಗಿಸಿದರು. ಖಾಸಿಗಳಲ್ಲಿ ಆ ಅಂತರವೇ ಇರಲಿಲ್ಲ. ಇದು ಪ್ರಕಟವಾಗಿದ್ದು 2011ರಲ್ಲಿ. ನಮ್ಮ ಟೀಚರ್ ಟ್ರೈನಿಂಗ್‌ನಲ್ಲಿ ಇದನ್ನು ಯಾಕೆ ಹೇಳಿಕೊಡಲ್ಲವೋ!

ನಮ್ಮೂರ ಜೀನ್ಸ್ ಘಟಕಕ್ಕೆ ಹೋಗಿ ನೋಡಿ. ಪ್ಯಾಂಟಿನ ತುಂಡುಗಳು ಉಲ್ಟಾ ಬಿದ್ದಿರುತ್ತವೆ. ಯಾವುದನ್ನು ಯಾವ ಕಡೆಗೆ ಮಗುಚಿ ಹೊಲಿದರೆ ಒಳಗಿನ ಅಂಚು ಒಳಗೇ ಉಳಿದು ಜೇಬು ಸರಿಯಾಗಿ ಕೂರುತ್ತದೆ ಅಂತ ಮಷಿನ್ ಮುಂದಿನ ಅಕ್ಕನಿಗೆ ಕೈ ಹಾಕುವ ಮೊದಲೇ ಗೊತ್ತು. ಆಕೃತಿ ತಿರುಗಿಸುವ ಆ ಪರೀಕ್ಷೆ ಕೇಳೋದೂ ಇದನ್ನೇ ಅಲ್ವಾ? ಅವರು ಶಾಲೆ ಬಿಟ್ಟಿದ್ದು ಲೆಕ್ಕ ಬರದೆ ಅಲ್ಲ, ಮನೆಯಲ್ಲಿ ತಮ್ಮನನ್ನು ನೋಡಿಕೊಳ್ಳೋಕೆ.

ಹುಡುಗೀರು ಹಿಂಗೆ, ಹುಡುಗ್ರು ಹಂಗೆ ಅನ್ನುವ ಮಾತಿನಿಂದ ಗಂಡುಮಕ್ಕಳಿಗೂ ನಷ್ಟವೇ. ಓದುವ ಸಾಮರ್ಥ್ಯದಲ್ಲಿ ಹುಡುಗರು ಹಿಂದೆ ಇರೋದು ಹದಿನೈದು ವರ್ಷದ ಮಕ್ಕಳಿಗೆ ಹಲವು ದೇಶಗಳಲ್ಲಿ ನಡೆಸುವ ಪಿಸಾ ಪರೀಕ್ಷೆಗಳಲ್ಲಿ ದೇಶದಿಂದ ದೇಶಕ್ಕೆ ಕಾಣುತ್ತದೆ. ನಾವು "ಹುಡುಗ್ರು ಹಂಗೇ" ಅಂತ ಸುಮ್ನೆ ಬಿಡುತ್ತೇವೆ. ಏಳನೇ ತರಗತಿಯಲ್ಲೂ ಪಾಠ ತಡವರಿಸಿ ಓದುವ ಹುಡುಗನನ್ನು ದಿನಾ ಹತ್ತು ನಿಮಿಷ ಪಕ್ಕ ಕೂರಿಸಿಕೊಂಡು ಜೋರಾಗಿ ಓದಿಸಿ. ಅವನ ಅಕ್ಕ ಅರ್ಜಿಯಲ್ಲಿ ಪಿಸಿಎಂಬಿ ಅಂತ ಬರೆದರೆ ಸಹಿ ಹಾಕಿ ಕೊಡಿ.