ಶೇಕಡಾ 98ರ ಗಂಡಾಂತರ

ಸಿಡಿ, ಡಿವಿಡಿಯಂಥ ಡಿಸ್ಕಿಗೆ ಫೈಲುಗಳನ್ನು ಬರೆಯುವಾಗ, ಅಂದರೆ ಬರ್ನ್ ಮಾಡುವಾಗ ಬರುವ ಎರರ್ ಮೆಸೇಜಿಗೆ ಅಷ್ಟೇನೂ ಬೆಲೆ ಕೊಡಬೇಕಾಗಿಲ್ಲ. ಅದು ಎಷ್ಟನೇ ಪರ್ಸೆಂಟಿನಲ್ಲಿ ಬಂತು ಅನ್ನುವುದಕ್ಕೆ ಬೆಲೆ ಕೊಡಿ. 'ಮೀಡಿಯಂ ರೈಟ್ ಎರರ್' ಅಂದರೆ ಬರೆಯೋಕಾಗಲಿಲ್ಲ ಅಂತಷ್ಟೇ. ಅದು ನಮಗೂ ಕಾಣುತ್ತಿದೆ, ಟ್ರೇ ಬಾಯಿ ತೆರೆದು ಡಿಸ್ಕನ್ನು ಉಗಿದಿದೆಯಲ್ಲ! ಆದರೆ ಒಂದು ಪರ್ಸೆಂಟೂ ದಾಟದೆ ಸತ್ತರೆ ಅದಕ್ಕೆ ಒಂದು ಕಾಯಿಲೆ, ನಡುದಾರಿಯಲ್ಲಿ ಸತ್ತರೆ ಇನ್ನೊಂದು, 98ರವರೆಗೂ ಬಂದು ಆಸೆ ತೋರಿಸಿ ಸತ್ತರೆ ಮತ್ತೊಂದು. ಇದಲ್ಲದೆ ನಾಲ್ಕನೆಯ ಬಗೆಯೂ ಇದೆ: ಎಲ್ಲ ಸರಿಯಾಗಿ ಮುಗಿಯಿತು ಅಂತ ಟಿಣ್ ಶಬ್ದ ಮಾಡಿ, ಆರು ತಿಂಗಳ ಮೇಲೆ ತೆರೆದರೆ ಒಳಗೆ ಏನೂ ಇಲ್ಲದಿರುವುದು.

ಈ ಕಾಲದಲ್ಲೂ ಯಾರ್ರೀ ಡಿಸ್ಕ್ ಬರೀತಾರೆ ಅನ್ನುವವರಿದ್ದಾರೆ. ಸ್ಕ್ಯಾನಿಂಗ್ ಸೆಂಟರಿನವರು, ಮದುವೆ ಫೋಟೋ ಸ್ಟುಡಿಯೋದವರು, ವಕೀಲರು, ಲೆಕ್ಕಪತ್ರದವರು ಇನ್ನೂ ಬರೆಯುತ್ತಿದ್ದಾರೆ. ಒಂದು ಸಲ ಬರೆದು ಮುಚ್ಚಿದ, ಅಂದರೆ ಇನ್ನೇನೂ ಸೇರಿಸಲಾಗದಂತೆ ಮುಗಿಸಿದ ಡಿಸ್ಕನ್ನು ಯಾವ ವೈರಸ್ಸೂ ತಿದ್ದಲಾರದು, ಯಾವ ಅವಸರದ ಬೆರಳೂ ಡಿಲೀಟ್ ಮಾಡಲಾರದು. ಹಾರ್ಡ್ ಡಿಸ್ಕಿಗೆ ಬೀಗ ಜಡಿದು ದುಡ್ಡು ಕೇಳುವ ರ‍್ಯಾನ್ಸಮ್‌ವೇರ್ ಕೂಡ ಕಪಾಟಿನಲ್ಲಿರುವ ಡಿಸ್ಕಿನ ಮುಂದೆ ಕೈಚೆಲ್ಲುತ್ತದೆ.

ಬರ್ನ್ ಶುರುವಾಗುವ ಮೊದಲೇ ನಡೆಯುವ ಜಗಳ ಜಾಗದ್ದು. ಡಬ್ಬಿಯ ಮೇಲೆ 4.7 ಜಿಬಿ ಅಂತಿದೆ, ಫೋಲ್ಡರ್ 4.5 ಜಿಬಿ ಇದೆ, ಕಂಪ್ಯೂಟರ್ ಹಿಡಿಸುವುದಿಲ್ಲ ಅನ್ನುತ್ತದೆ. ಅಂಗಡಿಯವನು ಮೋಸ ಮಾಡಿಲ್ಲ. ಡಿವಿಡಿ ತಯಾರಿಸುವವರ ಲೆಕ್ಕದಲ್ಲಿ ಒಂದು ಜಿಬಿ ಅಂದರೆ 100 ಕೋಟಿ ಬೈಟ್. ವಿಂಡೋಸ್ ಲೆಕ್ಕದಲ್ಲಿ 107 ಕೋಟಿ 37 ಲಕ್ಷ ಚಿಲ್ಲರೆ. ಹಾಗಾಗಿ ಡಬ್ಬಿಯ 4.7 ಪರದೆಯ ಮೇಲೆ 4.38 ಆಗುತ್ತದೆ. ಅಳಿಯ ಅಲ್ಲ, ಮಗಳ ಗಂಡ. ಬ್ಲೂ-ರೇ ಡಿಸ್ಕಿನ 25 ಕೂಡ ಹೀಗೇ 23.3ಕ್ಕೆ ಇಳಿಯುತ್ತದೆ. ಪಾಪ, ಸಿಡಿ ಮಾತ್ರ ಪ್ರಾಮಾಣಿಕ. 700 ಎಂಬಿ ಅಂತ ಬರೆದುಕೊಂಡು ವಿಂಡೋಸ್ ಲೆಕ್ಕದಲ್ಲೇ 703 ಕೊಡುತ್ತದೆ. ಆದರೆ ಅದಕ್ಕೆ 'ಇವತ್ತು ಸ್ವಲ್ಪ, ನಾಳೆ ಸ್ವಲ್ಪ' ಅಂತ ಕಂತಿನಲ್ಲಿ ಬರೆಯಹೋದರೆ ಮೊದಲ ಸೆಷನ್ (ಒಂದು ಕಂತಿನ ಬರವಣಿಗೆ) ಮುಚ್ಚಲು ಸುಮಾರು 22 ಎಂಬಿ, ಆಮೇಲಿನ ಪ್ರತಿ ಸೆಷನ್ನಿಗೆ ಸುಮಾರು 13 ಎಂಬಿ ಕಿತ್ತುಕೊಳ್ಳುತ್ತದೆ. ದಿನಕ್ಕೊಂದು ಎರಡು ಎಂಬಿಯ ಫೈಲನ್ನು ಹೀಗೆ ಬರೆಯುವವರ ಸಿಡಿ ತುಂಬುವುದು ಫೈಲಿನಿಂದಲ್ಲ, ಬಾಗಿಲು ಹಾಕಿ ತೆಗೆಯುವುದರಿಂದ.

ಇನ್ನೊಂದು ಜಾಗದ ತಕರಾರು ಯಾರ ಗಮನಕ್ಕೂ ಬರುವುದಿಲ್ಲ. ವಿಂಡೋಸ್ ನಿಮ್ಮ ಫೈಲುಗಳನ್ನು ಮೊದಲು ಸಿ ಡ್ರೈವಿನ ಒಂದು ತಾತ್ಕಾಲಿಕ ಫೋಲ್ಡರಿಗೆ ಸುರಿದುಕೊಂಡು ಆಮೇಲೆ ಬರೆಯುತ್ತದೆ. ಅಲ್ಲಿ ನಾಲ್ಕೈದು ಜಿಬಿ ಖಾಲಿ ಇಲ್ಲದಿದ್ದರೆ ಡಿಸ್ಕ್ ಪೂರ್ತಿ ಖಾಲಿಯಿದ್ದರೂ ಜಾಗ ಸಾಲದು ಅನ್ನುತ್ತದೆ. ಹೊಸ ಡಿಸ್ಕಿನ ಡಬ್ಬಿ ತರಲು ಬೆಂಗಳೂರಿನ ಎಸ್.ಪಿ. ರಸ್ತೆಗೆ ಓಡುವ ಮೊದಲು ಸಿ ಡ್ರೈವನ್ನು ನೋಡಿ.

ಈಗ ಸಾವಿನ ವಿಷಯಕ್ಕೆ ಬರೋಣ.

ಆರಂಭದಲ್ಲೇ, 'ಪವರ್ ಕ್ಯಾಲಿಬ್ರೇಶನ್ ಎರರ್' ಅಂತ ಸತ್ತರೆ ಡ್ರೈವಿಗೂ ಡಿಸ್ಕಿಗೂ ಜಾತಕ ಕೂಡಲಿಲ್ಲ ಅಂತ ತಿಳಿಯಿರಿ. ಬರೆಯುವ ಮುಂಚೆ ಡ್ರೈವು ಡಿಸ್ಕಿನ ಒಳಸುತ್ತಿನಲ್ಲಿ ಪರೀಕ್ಷೆಗೆಂದೇ ಬಿಟ್ಟ ಜಾಗದಲ್ಲಿ ಲೇಸರನ್ನು ಜೋರು ಮಾಡಿ, ಮೆಲ್ಲಗೆ ಮಾಡಿ, ಎಷ್ಟು ಶಕ್ತಿ ಕೊಟ್ಟರೆ ಗುರುತು ಸರಿಯಾಗಿ ಬೀಳುತ್ತದೆ ಅಂತ ನೋಡುತ್ತದೆ. ಯಾವ ಮಟ್ಟದಲ್ಲೂ ಸಮಾಧಾನವಾಗದಿದ್ದರೆ ಅಲ್ಲಿಗೇ ಕೈಬಿಡುತ್ತದೆ. ಇದಕ್ಕೆ ಸಾಮಾನ್ಯವಾಗಿ ಮೂರು ಕಾರಣ: ಲೆನ್ಸಿನ ಮೇಲೆ ಧೂಳು, ವಯಸ್ಸಾಗಿ ಬಳಲಿದ ಲೇಸರ್, ಅಥವಾ ಡ್ರೈವಿಗೆ ಪರಿಚಯವೇ ಇಲ್ಲದ ಡಿಸ್ಕ್. ಡ್ರೈವು ಮಾತ್ರ ಯಾವಾಗಲೂ ಡಿಸ್ಕನ್ನೇ ದೂರುತ್ತದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಪತ್ತೆ ಹಚ್ಚುವುದು ಸುಲಭ. ಬೇರೆ ಕಂಪನಿಯ ಒಂದೇ ಒಂದು ಡಿಸ್ಕ್ ತಂದು ಹಾಕಿ. ಅದು ನಡೆದರೆ ಹಳೆಯ ಡಬ್ಬಿಯದ್ದೇ ತಪ್ಪು. ಅದೂ ನಡೆಯದಿದ್ದರೆ ಲೆನ್ಸನ್ನು ಐಸೋಪ್ರೊಪೈಲ್ ಆಲ್ಕೊಹಾಲ್ ಸೋಕಿಸಿದ ಹತ್ತಿಯ ಕಡ್ಡಿಯಿಂದ, ಕಣ್ಣಿಗೆ ಕಾಡಿಗೆ ಹಚ್ಚುವಷ್ಟು ಹಗುರವಾಗಿ ಒರೆಸಿ. ಅಂಗಿಯ ಚುಂಗಿನಿಂದ ಬೇಡ. ಆಮೇಲೂ ಹಠ ಮಾಡಿದರೆ ಡ್ರೈವು ಬದಲಿಸುವುದೇ ದಾರಿ. ಬೇರೆ ಬೇರೆ ಸಾಫ್ಟ್‌ವೇರ್ ಹಾಕಿ ನೋಡುವುದು ಬರೀ ಕಾಲಹರಣ.

ಆರಂಭದ ಸಾವಿನಲ್ಲೇ ಒಂದು ಉಪಜಾತಿ ಇದೆ. ಹೊಚ್ಚ ಹೊಸ ಡಿವಿಡಿ ಹಾಕಿದರೂ 'ಖಾಲಿ ಡಿಸ್ಕ್ ಹಾಕಿ' ಅಂತ ಮತ್ತೆ ಮತ್ತೆ ಕೇಳುವುದು. ಡ್ರೈವಿನ ಮೂತಿಯ ಮೇಲಿನ ಸಣ್ಣ ಮುದ್ರೆಯನ್ನು ಓದಿ. ಹಳೆಯ ಲ್ಯಾಪ್‌ಟಾಪುಗಳ ಕಾಂಬೋ ಡ್ರೈವು ಡಿವಿಡಿಯನ್ನು ಓದುತ್ತದೆ, ಬರೆಯುವುದು ಸಿಡಿಯನ್ನು ಮಾತ್ರ. ಓದು ಬಂದವರಿಗೆಲ್ಲ ಬರವಣಿಗೆ ಬರಬೇಕೆಂದಿಲ್ಲ. ಇನ್ನೂ ಹಳೆಯ ಕೆಲವು ಡ್ರೈವುಗಳು ಡಿವಿಡಿ-ಆರ್ ಒಪ್ಪಿದರೆ ಡಿವಿಡಿ+ಆರ್ ಒಪ್ಪುವುದಿಲ್ಲ, ಅದನ್ನು ಒಪ್ಪಿದರೆ ಇದನ್ನಿಲ್ಲ. ಮಧ್ಯದ ಆ ಸಣ್ಣ ಗೆರೆ ಪ್ಲಸ್ಸೋ ಮೈನಸ್ಸೋ ಅಂತ ಕನ್ನಡಕ ಹಾಕಿಕೊಂಡೇ ನೋಡಿ.

ನಡುದಾರಿಯಲ್ಲಿ, 30ರಲ್ಲೋ 60ರಲ್ಲೋ ನಿಂತುಹೋದರೆ ಡಿಸ್ಕನ್ನು ಬೈಯುವುದು ಅನ್ಯಾಯ. ಹೆಚ್ಚಿನ ಸಲ ತಪ್ಪು ಸರಬರಾಜಿನಲ್ಲಿರುತ್ತದೆ. ಡಿವಿಡಿಯ 16ಎಕ್ಸ್ (ಮೂಲ ವೇಗದ 16 ಪಟ್ಟು) ವೇಗದಲ್ಲಿ ಸೆಕೆಂಡಿಗೆ ಸುಮಾರು 22 ಎಂಬಿ ಬೇಕು. ಬರೆಯುವ ಡೇಟಾವನ್ನು ಕ್ಷಣಕಾಲ ಇಟ್ಟುಕೊಳ್ಳುವ ಡ್ರೈವಿನ ಬಫರ್ ಎರಡೇ ಎಂಬಿ ಇದ್ದರೆ ಅದು ಸೆಕೆಂಡಿನ ಹತ್ತನೇ ಒಂದು ಭಾಗಕ್ಕೂ ಸಾಲದು. ಹಿಂದೆ ಹೀಗೆ ಡೇಟಾ ತಪ್ಪಿದರೆ ಡಿಸ್ಕ್ ಅಲ್ಲಿಗೇ ಕಸ. 2000ದಲ್ಲಿ ಸಾನ್ಯೋ ಕಂಪನಿಯ ಬರ್ನ್-ಪ್ರೂಫ್ ತಂತ್ರ ಬಂದ ಮೇಲೆ ಲೇಸರ್ ನಿಂತು, ಡೇಟಾ ಬಂದ ಮೇಲೆ ನಿಂತಲ್ಲಿಂದಲೇ ಮುಂದುವರಿಯುವುದನ್ನು ಕಲಿಯಿತು. ಆದರೂ ಪೆನ್ ಡ್ರೈವಿನಿಂದ, ಮೊಬೈಲಿನಿಂದ, ಪಕ್ಕದ ಕೋಣೆಯ ಕಂಪ್ಯೂಟರಿನಿಂದ ವೈಫೈ ಮೂಲಕ ನೇರವಾಗಿ ಬರೆಯುವ ಧೈರ್ಯ ಮಾಡಬಾರದು. ವಾಟ್ಸಾಪಿನ ಗುಡ್ ಮಾರ್ನಿಂಗ್ ಚಿತ್ರಗಳಂಥ ಸಾವಿರಾರು ಚಿಲ್ಲರೆ ಫೈಲುಗಳಿದ್ದರಂತೂ ಹಾರ್ಡ್ ಡಿಸ್ಕ್ ಹುಡುಕಿ ಹುಡುಕಿಯೇ ಸುಸ್ತಾಗುತ್ತದೆ. ಮೊದಲು ಎಲ್ಲವನ್ನೂ ಇದೇ ಕಂಪ್ಯೂಟರಿನ ಒಂದು ಫೋಲ್ಡರಿಗೆ ಕಾಪಿ ಮಾಡಿ, ಐಎಸ್‌ಒ ಇಮೇಜ್ (ಇಡೀ ಡಿಸ್ಕಿನ ನಕಲಿನಂಥ ಒಂದೇ ಫೈಲು) ಮಾಡಿಕೊಂಡು ಬರೆಯಿರಿ. ಇದರಿಂದ ಇನ್ನೊಂದು ಲಾಭ: 'ಸೈಕ್ಲಿಕ್ ರಿಡಂಡೆನ್ಸಿ ಚೆಕ್' ಅನ್ನುವ ಭಯಂಕರ ಹೆಸರಿನ ಎರರ್ ಬರುವುದಿದ್ದರೆ ಕಾಪಿ ಮಾಡುವಾಗಲೇ ಬರುತ್ತದೆ. ಆಗ ಹಾಳಾಗಿರುವುದು ಡಿಸ್ಕಲ್ಲ, ನಿಮ್ಮ ಮೂಲ ಫೈಲು. ಬ್ಯಾಕಪ್ ಮಾಡಲು ಒಂದು ವರ್ಷ ತಡ ಮಾಡಿದ್ದೀರಿ ಅಂತ ಕಂಪ್ಯೂಟರ್ ನಯವಾಗಿ ಹೇಳುತ್ತಿದೆ.

ಹೊರಗಿನಿಂದ ಜೋಡಿಸುವ ತೆಳ್ಳನೆ ಡ್ರೈವುಗಳದ್ದು ಬೇರೆಯೇ ರಗಳೆ. ಅವು ಓದುವಾಗ ಸಾಧು. ಬರೆಯುವಾಗ ಲೇಸರಿಗೂ ಮೋಟರಿಗೂ ಒಟ್ಟಿಗೇ ಕರೆಂಟು ಬೇಕಾಗಿ ಹಳೆಯ ಯುಎಸ್‌ಬಿ ಕೊಡುವ 500 ಮಿಲಿಆಂಪ್ ಸಾಲುವುದಿಲ್ಲ. ಅದಕ್ಕೇ ಎರಡು ತಲೆಯ ಕೇಬಲ್ ಕೊಟ್ಟಿರುತ್ತಾರೆ. ಆ ಇನ್ನೊಂದು ತಲೆ ಅಲಂಕಾರಕ್ಕಲ್ಲ, ಎರಡನ್ನೂ ಚುಚ್ಚಿ. ಡೆಸ್ಕ್‌ಟಾಪ್ ಆದರೆ ಮುಂದಿನ ಪೋರ್ಟಿಗಲ್ಲ, ಹಿಂದುಗಡೆ ಮದರ್‌ಬೋರ್ಡಿಗೇ ಅಂಟಿಕೊಂಡಿರುವ ಪೋರ್ಟಿಗೆ. ಹಬ್ ಮೂಲಕವಂತೂ ಬೇಡವೇ ಬೇಡ. ಲ್ಯಾಪ್‌ಟಾಪು ನಡುವೆ ನಿದ್ದೆಗೆ ಜಾರದಂತೆ ಸ್ಲೀಪ್ ಆಫ್ ಮಾಡಿ. ಇನ್ನು ಯುಪಿಎಸ್ ಇಲ್ಲದೆ ಮಳೆಗಾಲದ ಸಂಜೆ ಡಿವಿಡಿ ಬರೆಯಲು ಕೂರುವವರಿಗೆ ಯಾವ ಸಲಹೆಯೂ ನಾಟುವುದಿಲ್ಲ. ಕರೆಂಟು ಹೋದಾಗ ಅರ್ಧಕ್ಕೆ ನಿಂತ ಡಿವಿಡಿ-ಆರ್ ಮತ್ತೆ ಮೇಲೇಳುವುದಿಲ್ಲ.

98ಕ್ಕೆ ಬಂದು ಬೀಳುವುದು ಎಲ್ಲಕ್ಕಿಂತ ಕ್ರೂರ. ಡಿಸ್ಕನ್ನು ಒಳಗಿನಿಂದ ಹೊರಕ್ಕೆ ಬರೆಯಲಾಗುತ್ತದೆ. ಕೊನೆಯ ಪರ್ಸೆಂಟುಗಳು ಬೀಳುವುದು ಅಂಚಿನಲ್ಲಿ, ಅಂದರೆ ನಾವು ಹಿಡಿದು ಹಿಡಿದು ಬೆರಳಚ್ಚು ಒತ್ತಿರುವ, ಲೇಸರ್ ಗುರುತು ಹಾಕುವ ಬಣ್ಣದ ಲೇಪ ಕಾರ್ಖಾನೆಯಲ್ಲೇ ಏರುಪೇರಾಗುವ ಸಾಧ್ಯತೆ ಹೆಚ್ಚಿರುವ, ತಿರುಗುವಾಗ ಹೆಚ್ಚು ಅಲುಗಾಡುವ ಜಾಗದಲ್ಲಿ. ಇದಕ್ಕೆ ಮದ್ದು ದುರಾಸೆ ಬಿಡುವುದು. 4.38 ಇದೆ ಅಂತ 4.37 ತುಂಬಬೇಡಿ, 4.2ಕ್ಕೆ ನಿಲ್ಲಿಸಿ. ಸಾಫ್ಟ್‌ವೇರು 98ರಲ್ಲಿ ನಾಲ್ಕೈದು ನಿಮಿಷ ಅಲ್ಲಾಡದೆ ಕೂತರೆ ಸತ್ತಿದೆ ಅಂದುಕೊಂಡು ಎಜೆಕ್ಟ್ ಒತ್ತುವ ಪ್ರವೃತ್ತಿಯೂ ಇದೆ. ಡ್ರೈವಿನ ದೀಪ ಮಿನುಗುತ್ತಿದ್ದರೆ ಅದು ಡಿಸ್ಕನ್ನು ಮುಚ್ಚುತ್ತಿದೆ. ಎದ್ದು ಹೋಗಿ ಕಾಫಿ ಕುಡಿಯಿರಿ, ಮೇಜು ಅಲುಗಿಸದೆ.

ವೇಗದ ಬಗ್ಗೆ ಒಂದು ಮೂಢನಂಬಿಕೆ ಚಾಲ್ತಿಯಲ್ಲಿದೆ: ಎಷ್ಟು ನಿಧಾನವೋ ಅಷ್ಟು ಗಟ್ಟಿ ಅಂತ. 16ಎಕ್ಸ್‌ಗಾಗಿ ಮಾಡಿದ ಡಿಸ್ಕಿನ ಬಣ್ಣ ಆ ಮಟ್ಟದ ಲೇಸರಿಗೆ ಹದವಾಗಿರುತ್ತದೆ. ಅದನ್ನು ತೀರಾ ಕೆಳಗಿನ ವೇಗದಲ್ಲಿ ಬರೆದರೆ ಎಷ್ಟೋ ಸಲ ಎರರ್ ಹೆಚ್ಚುತ್ತದೆ. ಡಿವಿಡಿಗೆ 8ಎಕ್ಸ್, ಸಿಡಿಗೆ 16 ಅಥವಾ 24 ಸಾಕು. 8ಎಕ್ಸ್‌ನಲ್ಲಿ ತುಂಬಿದ ಡಿವಿಡಿಗೆ ಎಂಟು-ಹತ್ತು ನಿಮಿಷ ಹಿಡಿಯುತ್ತದೆ. 16ಕ್ಕೆ ಏರಿಸಿ ನಾಲ್ಕು ನಿಮಿಷ ಉಳಿಸಿ ಆ ನಾಲ್ಕು ನಿಮಿಷದಲ್ಲಿ ಯಾರೂ ಏನನ್ನೂ ಸಾಧಿಸಿದ್ದಿಲ್ಲ.

ಇನ್ನು ಯಶಸ್ವಿಯಾಗಿ ಮುಗಿದ ಬರ್ನ್‌ಗಳ ದುರಂತ. ಆಫೀಸಿನಲ್ಲಿ ಈ ಮಾತು ಕೇಳಿರುತ್ತೀರಿ:

"ಸಾರ್, ಎಲ್ಲಾ ಕಾಪಿ ಆಯ್ತು. ನಾನೇ ಡಿಸ್ಕ್ ಓಪನ್ ಮಾಡಿ ನೋಡ್ದೆ, ಫೈಲೆಲ್ಲಾ ಕಾಣ್ತಿತ್ತು."

"ಬರ್ನ್ ಅಂತ ಒತ್ತಿದ್ರೇನ್ರೀ?"

"ಅದ್ಯಾಕೆ ಸಾರ್, ಎಳ್ದು ಹಾಕಿದ್ನಲ್ಲ!"

ಎಳೆದು ಹಾಕಿದ್ದು ತಾತ್ಕಾಲಿಕ ಫೋಲ್ಡರಿಗೆ. ಐಕಾನುಗಳು ಮಂಕಾಗಿ, ಮೇಲೊಂದು ಕೆಳಮುಖದ ಬಾಣ ಹೊತ್ತು ಕೂತಿದ್ದರೆ ಅವು ಇನ್ನೂ ಡಿಸ್ಕಿಗೆ ಹೋಗಿಲ್ಲ, ಸರದಿಯಲ್ಲಿವೆ. ಡಿಸ್ಕ್ ತೆಗೆದು ಕೆಳಭಾಗವನ್ನು ಬೆಳಕಿಗೆ ಓರೆಯಾಗಿ ಹಿಡಿದರೂ ಗೊತ್ತಾಗುತ್ತದೆ: ಬರೆದ ಭಾಗ ಒಳಗಿನಿಂದ ಉಂಗುರದ ಹಾಗೆ ಬಣ್ಣ ಬದಲಿಸಿರುತ್ತದೆ. ಉಂಗುರವಿಲ್ಲದಿದ್ದರೆ ಬ್ಯಾಕಪ್ಪೂ ಇಲ್ಲ. ಉಂಗುರ ಕೂದಲೆಳೆಯಷ್ಟೇ ಇದ್ದರೆ ಇನ್ನೂ ಸೊಗಸು: ಡೆಸ್ಕ್‌ಟಾಪಿನ ಶಾರ್ಟ್‌ಕಟ್‌ಗಳನ್ನು ಬರೆದಿದ್ದೀರಿ. ಇಡೀ ಮದುವೆಯ ಆಲ್ಬಮ್ಮು ಕೆಲವೇ ಕೆಬಿ!

ಟ್ಯಾಲಿಯನ್ನೋ ಔಟ್‌ಲುಕ್ಕನ್ನೋ ತೆರೆದಿಟ್ಟುಕೊಂಡೇ ಅದರ ಡೇಟಾ ಬರೆಯಲು ಹೋದರೆ ಫೈಲ್ ಬಳಕೆಯಲ್ಲಿದೆ ಅಂತ ಬಿಟ್ಟುಬಿಡಬಹುದು, ಮುಚ್ಚಿ ಬರೆಯಿರಿ. ಔಟ್‌ಲುಕ್ಕಿನ ಫೈಲು ನಾಲ್ಕು ಜಿಬಿ ದಾಟಿದ್ದರೆ ಐಎಸ್‌ಒ 9660 ಅನ್ನುವ ಹಳೆಯ ಫೈಲು ಜೋಡಣೆ ವ್ಯವಸ್ಥೆಯಲ್ಲಿ ಸಾಮಾನ್ಯವಾಗಿ ಕೂರುವುದಿಲ್ಲ, ಹೊಸ ವ್ಯವಸ್ಥೆಯಾದ ಯುಡಿಎಫ್ ಆರಿಸಿಕೊಳ್ಳಬೇಕು. ಹಾಗೆಯೇ ಖಾಲಿ ಡಿಸ್ಕ್ ಹಾಕಿದಾಗ 'ಇದನ್ನು ಹೇಗೆ ಬಳಸುತ್ತೀರಿ' ಅಂತ ವಿಂಡೋಸ್ ಮೊದಲಿಗೆ ಕೇಳುವ ಪ್ರಶ್ನೆಗೆ 'ಯುಎಸ್‌ಬಿ ಡ್ರೈವಿನಂತೆ' ಅಂತ ಉತ್ತರಿಸಿದರೆ, ಸೆಷನ್ ಮುಚ್ಚದ ತನಕ ಆ ಡಿಸ್ಕ್ ಬೇರೆ ಕಂಪ್ಯೂಟರುಗಳಲ್ಲಿ ಖಾಲಿಯಂತೆ ಕಾಣಬಹುದು. ಬ್ಯಾಕಪ್ಪಿಗೆ 'ಸಿಡಿ/ಡಿವಿಡಿ ಪ್ಲೇಯರಿನಲ್ಲಿ' ಅನ್ನುವ ಎರಡನೆಯ ಆಯ್ಕೆಯೇ ವಾಸಿ.

ಕನ್ನಡದಲ್ಲಿ ಫೈಲಿಗೆ ಹೆಸರಿಡುವವರಿಗೆ ಮಾತ್ರ ಮೀಸಲಾದ ಒಂದು ಸಂಕಟವಿದೆ. ಹಳೆಯ ಐಎಸ್‌ಒ 9660ಕ್ಕೆ ಕನ್ನಡ ಬರುವುದಿಲ್ಲ. ಹೆಸರೆಲ್ಲ ಅಡಿಗೆರೆಗಳ ಸಾಲಾಗುತ್ತದೆ. ಜೋಲಿಯೆಟ್ ವಿಸ್ತರಣೆಗೆ ಕನ್ನಡ ಬರುತ್ತದೆ, ಆದರೆ ಹೆಸರು 64 ಅಕ್ಷರ ಮೀರಬಾರದು. ಧಾರಾಳವಾಯಿತಲ್ಲ ಅನ್ನಬೇಡಿ. 'ಷಷ್ಟ್ಯಬ್ದಿ' ನಮ್ಮ ಕಣ್ಣಿಗೆ ಮೂರು ಅಕ್ಷರ. ಕಂಪ್ಯೂಟರು ಒತ್ತು, ಗುಣಿತ, ನಡುವಿನ ವಿರಾಮ ಚಿಹ್ನೆಗಳನ್ನೆಲ್ಲ ಬಿಡಿಸಿ ಹತ್ತು ಅಂತ ಎಣಿಸುತ್ತದೆ. 'ಅಪ್ಪಾಜಿಯವರ ಷಷ್ಟ್ಯಬ್ದಿ ಸಮಾರಂಭ ಧರ್ಮಸ್ಥಳ ಪ್ರವಾಸ ಸಹಿತ ಎಲ್ಲರೂ ಇರುವ ಫೋಟೋಗಳು' ಅಂತ ಭಕ್ತಿಯಿಂದ ಇಟ್ಟ ಹೆಸರಿನ ಬಾಲ ಕತ್ತರಿಸಿ ಹೋಗುತ್ತದೆ. ಒಂದೇ ರೀತಿ ಶುರುವಾಗುವ ಎರಡು ಹೆಸರುಗಳಿದ್ದರೆ ಪರಸ್ಪರ ಗುದ್ದಾಡುತ್ತವೆ. ಯುಡಿಎಫ್‌ನಲ್ಲಿ ಕನ್ನಡದ ಮಿತಿ 127. ಇಲ್ಲದಿದ್ದರೆ ಎಲ್ಲವನ್ನೂ ಜಿಪ್ ಮಾಡಿ, ಹೊರಗಿನ ಹೆಸರನ್ನು ಚಿಕ್ಕದಾಗಿಡಿ. ಯೂನಿಕೋಡ್ ಬಳಕೆಗೆ ಬರುವ ಮುಂಚಿನ ನುಡಿ, ಬರಹ ಸಾಫ್ಟ್‌ವೇರುಗಳ ಕಡತಗಳಿದ್ದರೆ ಆ ಫಾಂಟುಗಳನ್ನೂ ಅದೇ ಡಿಸ್ಕಿಗೆ ಹಾಕಿ. ಇಲ್ಲವಾದರೆ ಹತ್ತು ವರ್ಷದ ಮೇಲೆ ಡಿಸ್ಕ್ ಚೆನ್ನಾಗಿ ತೆರೆದುಕೊಳ್ಳುತ್ತದೆ, ಓದಲು ಮಾತ್ರ ಯಾರಿಗೂ ಬರುವುದಿಲ್ಲ.

ಬರೆದದ್ದು ಸರಿಯಿದೆಯೇ ಅಂತ ನೋಡಲು 'ವೆರಿಫೈ' ಟಿಕ್ ಮಾಡಿ. ಅಷ್ಟೇ ಹೊತ್ತು ಮತ್ತೆ ಹಿಡಿಯುತ್ತದೆ, ಹಿಡಿಯಲಿ. ಆಮೇಲೆ ಡಿಸ್ಕನ್ನು ಹೊರತೆಗೆದು ಬೇರೆ ಡ್ರೈವಿಗೆ ಹಾಕಿ. ಹೆತ್ತವರಿಗೆ ಹೆಗ್ಗಣ ಮುದ್ದು, ಬರೆದ ಡ್ರೈವಿಗೆ ತನ್ನ ಅಕ್ಷರ ಹೇಗಿದ್ದರೂ ಓದಲು ಬರುತ್ತದೆ. ಫೋಲ್ಡರ್ ತೆರೆದು ಹೆಸರುಗಳನ್ನು ನೋಡಿ ತೃಪ್ತರಾಗಬೇಡಿ; ಹೆಸರಿನ ಪಟ್ಟಿ ಇರುವುದು ಒಳಸುತ್ತಿನಲ್ಲಿ, ಕೆಡುವುದು ಹೆಚ್ಚಾಗಿ ಹೊರಸುತ್ತು. ಎಲ್ಲವನ್ನೂ ಒಂದು ಖಾಲಿ ಫೋಲ್ಡರಿಗೆ ವಾಪಸ್ ಕಾಪಿ ಮಾಡಿದರೆ ಮಾತ್ರ ನಿಜ ಹೊರಬೀಳುತ್ತದೆ.

ಕೊನೆಗೆ ಹೆಸರು ಬರೆಯುವುದು. ಸಿಡಿಯಲ್ಲಿ ಡೇಟಾ ಇರುವುದು ಹೊಳೆಯುವ ಬದಿಗಲ್ಲ, ಲೇಬಲ್ ಬದಿಯ ತೆಳು ಲೇಪದ ಕೆಳಗೇ. ಅಲ್ಲಿ ಬಾಲ್ ಪೆನ್ನಿನಿಂದ ಒತ್ತಿ ಬರೆದರೆ ಫೈಲಿನ ಮೇಲೇ ಬರೆದಂತೆ. ಡಿವಿಡಿಯ ಡೇಟಾ ಎರಡು ಪ್ಲಾಸ್ಟಿಕ್ ಪದರಗಳ ನಡುವೆ ಇರುವುದರಿಂದ ಸ್ವಲ್ಪ ವಾಸಿ. ಎರಡಕ್ಕೂ ಮೆತ್ತನೆ ತುದಿಯ ಸಿಡಿ ಮಾರ್ಕರ್ ಬಳಸಿ. ಕಾಗದದ ಸ್ಟಿಕ್ಕರ್ ಬೇಡ, ತೂಕ ಒಂದು ಕಡೆ ವಾಲಿ ಡಿಸ್ಕ್ ಗಡಗಡ ಅನ್ನುತ್ತದೆ. ಮತ್ತೆ, ದಯವಿಟ್ಟು 'ಇಂಪಾರ್ಟೆಂಟ್' ಅಂತ ಬರೆಯಬೇಡಿ, ಕಪಾಟಿನಲ್ಲಿರುವ ಎಲ್ಲದರ ಮೇಲೂ ಅದೇ ಇರುತ್ತದೆ. ಒಳಗೇನಿದೆ, ಯಾವ ದಿನಾಂಕದವರೆಗಿನದು, ಯಾವ ಡ್ರೈವಿನಲ್ಲಿ ಎಷ್ಟು ವೇಗದಲ್ಲಿ ಬರೆದದ್ದು, ಇಷ್ಟು ಸಾಕು.