ಮಾರಿಯೋ ಮೀಸೆ ಮತ್ತು ಮೊಳಕಾಲ್ಮೂರು ಸೀರೆ

ನಾನು ಸೀರೆಗೆ ಡಿಸೈನ್ ಬರೆಯುವವನು. ಈ ಕೆಲಸಕ್ಕೆ ಹೇಗೆ ಬಂದಿರಿ ಅಂತ ಯಾರಾದರೂ ಕೇಳಿದರೆ "ವಿಡಿಯೋ ಗೇಮ್ ಆಡಿ" ಅನ್ನುತ್ತೇನೆ. ತಮಾಷೆ ಅಂದುಕೊಳ್ಳುತ್ತಾರೆ. ತಮಾಷೆ ಅಲ್ಲ.

ಚಿತ್ರದುರ್ಗದಲ್ಲಿ ನಮ್ಮ ಬೀದಿಗೆಲ್ಲ ಇದ್ದದ್ದು ಒಂದೇ ಟಿವಿ ಗೇಮ್, ಅದೂ ಪಕ್ಕದ ಮನೆಯವರದು. ಕ್ಯಾಸೆಟ್ ಮೇಲೆ "9999 ಇನ್ 1" ಅಂತ ಇರುತ್ತಿತ್ತು. ಹಾಕಿ ನೋಡಿದರೆ ಅದದೇ ಹತ್ತಾರು ಆಟ, ಹೆಸರು ಮಾತ್ರ ಬೇರೆ. ಆಟ ಬರದಿದ್ದರೆ ಕ್ಯಾಸೆಟ್ ತೆಗೆದು ಉಫ್ ಅಂತ ಊದುವುದು. ಅಡಾಪ್ಟರ್ ಕಾದರೆ ಬಿಡುವು. "ಪಿಕ್ಚರ್ ಟ್ಯೂಬ್ ಹೋಗುತ್ತೆ, ಸಾಕು ಏಳ್ರೋ" ಅಂತ ಆ ಮನೆಯ ಅಜ್ಜಿ ಗದರುತ್ತಿದ್ದರು. ಎಂಟು ಹುಡುಗರಿಗೆ ಎರಡು ರಿಮೋಟ್. ಹಾಗಾಗಿ ನಾನು ಆಡಿದ್ದಕ್ಕಿಂತ ನೋಡಿದ್ದೇ ಜಾಸ್ತಿ.

ಸುಮ್ನೆ ನೋಡುತ್ತಾ ಕೂತಿದ್ದಾಗ ಒಂದು ದಿನ ಕಣ್ಣಿಗೆ ಬಿತ್ತು. ಸೂಪರ್ ಮಾರಿಯೋದಲ್ಲಿ ಮೇಲಿನ ಮೋಡ, ಕೆಳಗಿನ ಪೊದೆ ಎರಡೂ ಒಂದೇ ಚಿತ್ರ! ಒಂದಕ್ಕೆ ಬಿಳಿ, ಒಂದಕ್ಕೆ ಹಸಿರು, ಅಷ್ಟೇ. ಕಾರಣ ತಿಳಿದದ್ದು ಎಷ್ಟೋ ವರ್ಷದ ಮೇಲೆ. 1985ರ ಆ ಆಟ ಪೂರ್ತಿ ಸೇರಿ 40 ಕಿಲೋಬೈಟ್. ಈಗ ವಾಟ್ಸಾಪ್‌ನಲ್ಲಿ ಬರುವ ಗುಡ್ ಮಾರ್ನಿಂಗ್ ಫೋಟೋನೇ ಅದಕ್ಕಿಂತ ದೊಡ್ಡದಿರುತ್ತೆ. ಮಾರಿಯೋಗೆ ಮೀಸೆ ಬಂದದ್ದೂ ಜಾಗ ಸಾಲದೆ. 1981ರಲ್ಲಿ, ಇದಕ್ಕೂ ಹಿಂದಿನ ಇನ್ನೊಂದು ಆಟಕ್ಕೆ, ಜಪಾನಿನ ಗೇಮ್ ಡಿಸೈನರ್ ಶಿಗೆರು ಮಿಯಾಮೊಟೊ ಅವನನ್ನು ಮೊದಲು ಬರೆದಾಗ ಮುಖಕ್ಕೆ ಉಳಿದದ್ದು ಪರದೆಯ ಕೆಲವೇ ಪುಟ್ಟ ಚೌಕಗಳು. ಬಾಯಿ ಬರೆಯಲು ಆಗಲಿಲ್ಲ, ಮೀಸೆ ಇಟ್ಟರು. ಕೂದಲು ಕಷ್ಟವಾಯಿತು, ಟೋಪಿ ಹಾಕಿದರು.

ನನಗಾಗ ಇದೆಲ್ಲ ಗೊತ್ತಿರಲಿಲ್ಲ. ಆದರೆ ಬೇಸಿಗೆ ರಜೆಗೆ ಮೊಳಕಾಲ್ಮೂರಿಗೆ ಹೋದಾಗ ಸೋದರಮಾವನ ಗ್ರಾಫ್ ಹಾಳೆ ಕೈಗೆ ಸಿಕ್ಕಿತು. ಅವರು ರೇಷ್ಮೆ ಸೀರೆ ನೇಯುವವರು. ಬುಟ್ಟಾ, ಅಂಚು ಏನೇ ಇರಲಿ, ಮೊದಲು ಚೌಕ ತುಂಬಿ ಬರೆಯಬೇಕು. ಆಮೇಲೆ ಅದರಂತೆ ಜಕಾರ್ಡಿನ, ಅಂದರೆ ಮಗ್ಗದ ಮೇಲೆ ಕೂತು ಯಾವ ಎಳೆ ಏಳಬೇಕೆಂದು ನಡೆಸುವ ಯಂತ್ರದ, ರಟ್ಟಿಗೆ ತೂತು. ನಾನು ಆ ಹಾಳೆ ಮೇಲೆ ಮಾರಿಯೋ ಬರೆದಿಟ್ಟೆ. ಬೈಗುಳಕ್ಕೆ ಕಾಯುತ್ತಿದ್ದೆ. ಮಾವ ಹಾಳೆಯನ್ನು ದೂರ ಹಿಡಿದು ನೋಡಿ, "ಒಂದೇ ಸಾಲಲ್ಲಿ ಇಷ್ಟು ಚೌಕ ತುಂಬಿದ್ರೆ ಎಳೆ ಸಡಿಲ ನಿಲ್ಲುತ್ತೆ ಅಳಿಯಾ, ಬಳೆಗೆ ಸಿಕ್ಕಿ ಕಿತ್ತು ಬರುತ್ತೆ. ನಡುವೆ ಒಂದು ಬಿಡು" ಅಂದರು. ಮಾರಿಯೋನ ಹೊಟ್ಟೆ ಮೇಲೆ ಅಲ್ಲಲ್ಲಿ ಚುಕ್ಕಿ ಬಿಟ್ಟೆ. ನಿಜ ಹೇಳಬೇಕೆಂದರೆ ಇವತ್ತಿಗೂ ಕಂಪ್ಯೂಟರ್ ಮುಂದೆ ಕೂತು ಮಾಡುತ್ತಿರುವುದು ಅದೇ ಕೆಲಸ.

ಹಾಗಂತ "ಗೇಮ್ ಆಡಿದರೆ ಮಕ್ಕಳು ಕಲಾವಿದರಾಗುತ್ತಾರಾ" ಅಂತ ಕೇಳುವವರಿಗೆ ಹೌದು ಅನ್ನಲು ನನಗೆ ಧೈರ್ಯವಿಲ್ಲ. ನಮ್ಮ ಎಂಟು ಜನರಲ್ಲಿ ಒಬ್ಬ ಪೊಲೀಸ್, ಒಬ್ಬನದು ಹಾರ್ಡ್‌ವೇರ್ ಅಂಗಡಿ. ಎಲ್ಲರೂ ನನಗಿಂತ ಚೆನ್ನಾಗಿ ಆಡುತ್ತಿದ್ದರು. ಆಟ ನನಗೆ ಹುಚ್ಚು ಹಿಡಿಸಿತು, ನಿಜ. ಹಾಳೆ ಕೊಟ್ಟದ್ದು ಮಾವ. ಆ ಹಾಳೆ ಕಸಿದುಕೊಂಡಿದ್ದರೆ?

ಈಗ ಅಕ್ಕನ ಮಗ ಮೈನ್‌ಕ್ರಾಫ್ಟ್ ಅನ್ನೋ ಬ್ಲಾಕ್ ಜೋಡಿಸುವ ಗೇಮ್‌ನಲ್ಲಿ ನಮ್ಮ ಏಳು ಸುತ್ತಿನ ಕೋಟೆ ಕಟ್ಟುತ್ತಿದ್ದಾನೆ. ಓಬವ್ವನ ಕಿಂಡಿ ಮೂರು ಬ್ಲಾಕ್ ಅಗಲ! "ಇದರಲ್ಲಿ ಸೈನ್ಯಕ್ಕೆ ಸೈನ್ಯವೇ ನುಗ್ಗುತ್ತಲ್ಲೋ, ಓಬವ್ವ ಒನಕೆ ಹಿಡಿದು ಏನು ಮಾಡಬೇಕು?" ಅಂದೆ. ಅಗಲ ಒಂದಕ್ಕೆ ಇಳಿಸಿದ. ಎತ್ತರ ಮಾತ್ರ ಎರಡೇ ಬೇಕಂತೆ. "ಒಂದಿದ್ರೆ ಆಟದಲ್ಲಿ ನಡ್ಕೊಂಡು ಹೋಗಕ್ಕೇ ಆಗಲ್ಲ ಮಾಮ." ಭಾನುವಾರ ಟೇಪ್ ತಗೊಂಡು ಹೋಗಿ ನಿಜವಾದ ಕಿಂಡಿ ಅಳೆಯೋಣ ಅಂತ ಇಬ್ಬರೂ ತೀರ್ಮಾನಿಸಿದ್ದೇವೆ. ಅಕ್ಕನಿಗೆ ಇನ್ನೂ ಹೇಳಿಲ್ಲ. ಸೋಮವಾರ ಅವನಿಗೆ ಪರೀಕ್ಷೆ.